ವಾರ್ಷಿಕೋತ್ಸವದ ಒಂದು ಸಂಜೆಗೆ ಮಾತ್ರವೇ ಮಕ್ಕಳ ಹಾಡು?

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಂಭ್ರಮ ಆರಂಭವಾಗುತ್ತದೆ. ಶಾಮಿಯಾನ, ಧ್ವನಿವರ್ಧಕ, ಬಣ್ಣದ ದೀಪಗಳು, ಬಾಡಿಗೆಗೆ ತಂದ ಮಿರುಗುವ ಉಡುಪುಗಳು. ಮುಂದಿನ ಸಾಲಿನಲ್ಲಿ ಗಣ್ಯರು, ಹಿಂದಿನ ಸಾಲುಗಳಲ್ಲಿ ಮೊಬೈಲ್ ಎತ್ತಿ ಹಿಡಿದ ತಂದೆತಾಯಿಯರು. ಧರ್ಮಕೇಂದ್ರದ ಗುರುವಾದವನಿಗೆ ಈ ದಿನಗಳಲ್ಲಿ ಬಿಡುವೆಂಬುದಿಲ್ಲ. ಒಂದು ಶಾಲೆಯಲ್ಲಿ ಅಧ್ಯಕ್ಷತೆ, ಮತ್ತೊಂದರಲ್ಲಿ ಬಹುಮಾನ ವಿತರಣೆ, ಇನ್ನೊಂದರಲ್ಲಿ ಎರಡು ಹಿತನುಡಿ. ರಾಯಚೂರು, ಮಾನ್ವಿ, ದೇವದುರ್ಗಗಳ ನಡುವೆ ಓಡಾಡುವ ನಾನು ಇಂತಹ ಸಂಜೆಗಳನ್ನು ಎಷ್ಟು ಕಂಡಿರುವೆನೋ ಲೆಕ್ಕವಿಟ್ಟಿಲ್ಲ. ಆದರೆ ಒಂದು ಸಂಜೆಯನ್ನು ಮಾತ್ರ ಮರೆಯಲಾಗಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಶಾಲೆಯ ಹೆಸರು ಬೇಡ. ಚಲನಚಿತ್ರ ಗೀತೆಯೊಂದಕ್ಕೆ ಇಪ್ಪತ್ತು ಮಕ್ಕಳು ಕುಣಿಯುತ್ತಿದ್ದರು. ನಡುವೆ ಕರೆಂಟು ಹೋಯಿತು. ಧ್ವನಿವರ್ಧಕ ಮೂಕವಾದೊಡನೆ ಮಕ್ಕಳೂ ನಿಂತಲ್ಲಿಯೇ ನಿಂತುಬಿಟ್ಟರು. ಹಾಡು ಅವರದಾಗಿರಲಿಲ್ಲ, ಪೆನ್‌ಡ್ರೈವಿನದಾಗಿತ್ತು. ಸಭೆಯಲ್ಲಿ ಗದ್ದಲವೇಳುವಷ್ಟರಲ್ಲಿ ರಂಗದ ಬದಿಯಿಂದ ಎಳೆಯ ದನಿಯೊಂದು ಕೇಳಿಬಂದಿತು. ಪರದೆಯ ಹಗ್ಗ ಹಿಡಿದು ನಿಂತಿದ್ದ ಐದನೆಯ ತರಗತಿಯ ಹುಡುಗನೊಬ್ಬ, ಯಾರೂ ಕೇಳಿಕೊಳ್ಳದೆಯೇ, ತನ್ನ ಊರಿನ ಮೊಹರಮ್ ಪದವೊಂದನ್ನು ಎತ್ತಿಕೊಂಡಿದ್ದ. ಹಗ್ಗದ ಗೂಟದ ಮೇಲೆ ಬೆರಳಿನಿಂದ ತಾಳ ಹಾಕುತ್ತ ಐದಾರು ನಿಮಿಷ ಹಾಡಿದ. ಸಭೆ ತಣ್ಣಗೆ ಕೇಳಿತು. ಹಿಂದೆ ಕುಳಿತಿದ್ದ ಕೆಲವರು ಸೊಲ್ಲಿಗೆ ಸೊಲ್ಲು ಸೇರಿಸಿದರು. ದೀಪಗಳು ಹೊತ್ತಿಕೊಂಡವು, ನಿರೂಪಕಿ ತಾಳ್ಮೆಯಿಂದ ಸಹಕರಿಸಿದ ಸಭಿಕರಿಗೆ ಧನ್ಯವಾದ ಹೇಳಿದರು, ನಿಂತ ಕುಣಿತ ನಿಂತಲ್ಲಿಂದಲೇ ಮುಂದುವರಿಯಿತು. ಆ ಬಳಿಕ ಭಾಷಣ ಮಾಡಿದ ಅತಿಥಿ, ದೇವರು ಪ್ರತಿಯೊಂದು ಮಗುವಿಗೂ ದಯಪಾಲಿಸಿರುವ ಪ್ರತಿಭೆಯನ್ನು ಕುರಿತು ಹದಿನೈದು ನಿಮಿಷ ಮಾತಾಡಿದರು. ಹಗ್ಗ ಹಿಡಿದಿದ್ದ ಹುಡುಗನ ಹೆಸರನ್ನು ಹೇಳಲಿಲ್ಲ. ಆ ಅತಿಥಿ ನಾನೇ.

ಮರುದಿನ ವಿಚಾರಿಸಿದಾಗ ತಿಳಿಯಿತು: ಹುಡುಗನನ್ನು ಮೊದಲು ಕುಣಿತಕ್ಕೆ ಆರಿಸಿದ್ದರಂತೆ. ಉಡುಪಿನ ಬಾಡಿಗೆ ಕೊಡಲಾಗದ್ದರಿಂದ ಪರದೆಯ ಕೆಲಸಕ್ಕೆ ಹಾಕಿದರಂತೆ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಕೆಟ್ಟ ಉದ್ದೇಶವಿಲ್ಲದೆ ನಡೆದುಹೋಗುವ ಅನ್ಯಾಯಗಳನ್ನು ಗುರುತಿಸುವುದು ಹೆಚ್ಚು ಕಷ್ಟ.

ಪಾಪಪ್ರಜ್ಞೆಯೆಂದೇ ತಿಳಿಯಿರಿ, ಒಂದು ಭಾನುವಾರ ಸಂಜೆ ಆ ಹುಡುಗನ ಊರಿಗೆ ಹೋದೆ. ಮಾನ್ವಿ ತಾಲ್ಲೂಕಿನ ಚಿಕ್ಕ ಹಳ್ಳಿ. ತಂದೆ ಹತ್ತಿಯ ಹೊಲದಿಂದ ಆಗತಾನೇ ಮರಳಿದ್ದರು. ಮುಂದಿನ ವರ್ಷ ನಿಮ್ಮ ಮಗನಿಂದ ಹಾಡಿಸೋಣ, ನಿಮ್ಮ ಮನೆಯಲ್ಲಿ ಹಲಗೆ ಇದೆಯಂತಲ್ಲ, ಅದನ್ನೂ ಬಾರಿಸಲು ಕಲಿಸೋಣ ಎಂದು ಬಹು ಉತ್ಸಾಹದಿಂದ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತನ್ನು ಅವರ ನುಡಿಯಲ್ಲಿಯೇ ಕೊಡುತ್ತೇನೆ: “ಫಾದರ್, ನಮ್ಮಪ್ಪ ಹಲಗಿ ಬಡದ, ಅವರಪ್ಪನೂ ಹಲಗಿ ಬಡದ. ಊರಾಗ ಯಾರ ಸತ್ರೂ ನಮ್ಮನ್ನ ಕರೀತಿದ್ರು. ಉಣ್ಣಾಕ ಮಾತ್ರ ಹೊರಗ ಕುಂದ್ರಸ್ತಿದ್ರು. ಹುಡುಗ ನಾಕ ಅಕ್ಷರ ಕಲೀಲಿ ಅಂತ ಸಾಲಿಗೆ ಹಾಕೀವ್ರಿ. ನೀವೂ ಅವನ ಕೈಯಾಗ ಹಲಗೀನ ಕೊಟ್ರ ಹೆಂಗ್ರಿ?”

ಸೆಮಿನರಿಯಲ್ಲಿ ನಾನು ಮೂರು ವರ್ಷ ತತ್ತ್ವಶಾಸ್ತ್ರ ಓದಿದವನು. ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಪ್ರಾಥಮಿಕ ಶಾಲೆಯ ಮಗುವಿಗೆ ಹಾಡು, ಕುಣಿತ, ನಾಟಕ ಏತಕ್ಕೆ ಎಂಬ ಪ್ರಶ್ನೆ ಹೊಸದಲ್ಲ. ಗ್ರೀಸಿನ ಪ್ಲೇಟೋ ತನ್ನ ಆದರ್ಶ ರಾಜ್ಯದಿಂದ ಕವಿಗಳನ್ನು ಹೊರಗಟ್ಟಿದನೆಂದು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಪ್ಲೇಟೋ ಮುಪ್ಪಿನಲ್ಲಿ ಬರೆದ ‘ಕಾನೂನುಗಳು’ ಎಂಬ ಸಂವಾದದಲ್ಲಿ, ಮೇಳದಲ್ಲಿ ನಿಂತು ಹಾಡಿ ಕುಣಿಯಲು ಕಲಿಯದವನನ್ನು ಅಶಿಕ್ಷಿತನೆಂದೇ ಎಣಿಸಿದ್ದಾನೆಂಬುದನ್ನು ಕೆಲವರಷ್ಟೇ ನೆನೆಯುತ್ತಾರೆ. ಅವನ ಶಿಷ್ಯ ಅರಿಸ್ಟಾಟಲ್ ಇನ್ನೂ ಸರಳವಾಗಿ ನೋಡಿದ: ಮನುಷ್ಯನು ಎಲ್ಲ ಪ್ರಾಣಿಗಳಿಗಿಂತ ಹೆಚ್ಚಾಗಿ ಅನುಕರಿಸುವವನು, ಅವನ ಮೊದಲ ಕಲಿಕೆ ನಡೆಯುವುದೇ ಅನುಕರಣೆಯಿಂದ. ಅಡುಗೆಮನೆಯ ಮೂಲೆಯಲ್ಲಿ ತಾಯಿಯಂತೆ ರೊಟ್ಟಿ ತಟ್ಟುವ ಆಟವಾಡುವ ಮಗುವನ್ನು ಕಂಡವರಿಗೆ ಇದನ್ನು ತಿಳಿಯಲು ಗ್ರೀಕ್ ಭಾಷೆ ಬೇಕಿಲ್ಲ. ಮಗು ಅಕ್ಷರಕ್ಕೆ ಮೊದಲು ಅಭಿನಯವನ್ನು ಕಲಿತಿರುತ್ತದೆ. ಶಾಲೆಗೆ ಬಂದ ದಿನವೇ ನಾವು ಅದನ್ನು ಕೈಕಟ್ಟಿ ಕೂರಿಸುತ್ತೇವೆ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ” ಎಂದು ಕೆಲವರು ಕೇಳಬಹುದು. ಕೇಳತಕ್ಕ ಮಾತೇ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ನೀಡಿದ ವರದಿಯಲ್ಲಿ ದೇವದುರ್ಗ, ಮಾನ್ವಿ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. 2018ರಲ್ಲಿ ಕೇಂದ್ರ ಸರ್ಕಾರವು ರಾಯಚೂರನ್ನು ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ಒಂದೆಂದು ಗುರುತಿಸಿತು. ಹಿಂದುಳಿದ ಜಿಲ್ಲೆ ಎಂಬುದಕ್ಕೆ ಇದೊಂದು ಗೌರವದ ಹೆಸರು. ಇಲ್ಲಿ ಬರಗಾಲ ಬಂದರೆ ಮನೆಗೆ ಮನೆಯೇ ಬೀಗ ಹಾಕಿಕೊಂಡು ಬೆಂಗಳೂರು, ಹೈದರಾಬಾದುಗಳಿಗೆ ಗುಳೆ ಹೊರಡುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕ ಖಾಲಿಯಾಗುತ್ತದೆ. ಓದಲು ಬರೆಯಲು ಬಾರದ ಮಗುವಿಗೆ ಕೋಲಾಟ ಕಲಿಸುವುದು ವಿಲಾಸವಲ್ಲವೇ?

ಇದಕ್ಕೆ ಉತ್ತರವನ್ನು ನಮ್ಮ ರಾಜ್ಯವೇ ಕಂಡುಕೊಂಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿದ ‘ನಲಿಕಲಿ’ ಪದ್ಧತಿಯಲ್ಲಿ ಹಾಡು, ಅಭಿನಯ, ಕತೆಗಳು ಅಕ್ಷರ ಕಲಿಕೆಯ ಶತ್ರುಗಳಲ್ಲ, ಅದರ ವಾಹನಗಳು. ಕೋಲಾಟವನ್ನೇ ನೋಡಿರಿ. ಎಂಟು ಮಕ್ಕಳು ಎದುರುಬದುರಾಗಿ ನಿಂತು ನಾಲ್ಕರ ಎಣಿಕೆಗೆ ಕೋಲು ಹೊಡೆದು, ಎರಡು ಹೆಜ್ಜೆ ಸರಿದು, ಹೊಸ ಜೊತೆಗಾರನನ್ನು ಸೇರಿಕೊಳ್ಳುವಾಗ ನಡೆಯುವುದು ಭಾಗಾಕಾರವಲ್ಲದೆ ಮತ್ತೇನು? ತಪ್ಪಿದವನನ್ನು ಶಿಕ್ಷಕರು ಬೈಯಬೇಕಿಲ್ಲ. ಎದುರಿನವನ ಕೋಲಿಗೆ ತನ್ನ ಕೋಲು ಸಿಗದಿದ್ದಾಗ ಅವನಿಗೇ ತಿಳಿಯುತ್ತದೆ. ಅಕ್ಷರ ಬಾರದ ಮನಸ್ಸು ಎಷ್ಟನ್ನು ಧರಿಸಬಲ್ಲದೆಂಬುದಕ್ಕೂ ನಿದರ್ಶನಗಳು ದೂರವಿಲ್ಲ. ನೆರೆಯ ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿದ್ದ, 2014ರಲ್ಲಿ ಕಾಲವಾದ ಬುರ್ರಕಥಾ ಕಲಾವಿದೆ ಈರಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರಾತ್ರಿಗಟ್ಟಲೆ ಹಾಡಬಹುದಾದ ದೀರ್ಘ ಕಥನಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಅವನ್ನು ಬರೆದುಕೊಳ್ಳಲು ವಿಶ್ವವಿದ್ಯಾಲಯದವರು ಅವರ ಬಳಿಗೆ ಹೋಗಬೇಕಾಯಿತು.

ಹಿಟ್ಟಿನ ಮಾತಿಗೂ ಒಂದಿಷ್ಟು ಉತ್ತರವುಂಟು. ಮಧ್ಯಾಹ್ನದ ಬಿಸಿಯೂಟವನ್ನು ರಾಜ್ಯ ಸರ್ಕಾರವು 2002ರಲ್ಲಿ ಮೊದಲು ಆರಂಭಿಸಿದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಊಟ ಮಗುವನ್ನು ಶಾಲೆಯ ಬಾಗಿಲಿಗೆ ಕರೆತಂದಿತು. ಊಟವಾದ ಮೇಲೆಯೂ ಅದು ಅಲ್ಲಿಯೇ ಉಳಿಯಬೇಕಾದರೆ ಬೇರೇನೋ ಬೇಕು. ನಾಟಕದಲ್ಲಿ ಪಾತ್ರವಿರುವ ಹುಡುಗಿ ಹತ್ತಿ ಬಿಡಿಸುವ ದಿನಗಳಲ್ಲಿಯೂ ಶಾಲೆ ತಪ್ಪಿಸುವುದಿಲ್ಲ, ಆಕೆಯೇ ತಾಯಿಯೊಡನೆ ವಾದಿಸಿ ಬರುತ್ತಾಳೆ ಎಂದು ದೇವದುರ್ಗದ ಕಡೆಯ ಶಿಕ್ಷಕಿಯೊಬ್ಬರು ನನಗೆ ಹೇಳಿದರು. ಇದು ಒಬ್ಬ ಶಿಕ್ಷಕಿಯ ಅನುಭವ, ಸಿದ್ಧಾಂತವಲ್ಲ. ಆದರೆ ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ನಂಬುತ್ತೇನೆ.

ಕಾನೂನು ಏನು ಹೇಳುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯು ಮಗುವಿನ ಸರ್ವತೋಮುಖ ಬೆಳವಣಿಗೆಯ ಮಾತನ್ನು ಆಡುತ್ತದೆ. ಅದರ ಅನುಸೂಚಿಯನ್ನು ತೆರೆದು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಆರರಿಂದ ಎಂಟನೆಯ ತರಗತಿಯವರೆಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಒಂದರಿಂದ ಐದನೆಯ ತರಗತಿಗೆ ಅಂತಹ ಬೋಧಕರ ಪ್ರಸ್ತಾಪವೇ ಇಲ್ಲ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅಲ್ಲಿಗೆ ಮುಗಿಯಿತು. ಆ ಇಬ್ಬರೇ ಪಾಠ ಹೇಳಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಗಣತಿಗೆ ಹೋಗಬೇಕು. ಮಗು ಹೆಚ್ಚು ಹಾಡುವ, ಹೆಚ್ಚು ಕುಣಿಯುವ, ನಾಚಿಕೆಯೆಂಬುದನ್ನೇ ಅರಿಯದ ವಯಸ್ಸಿನಲ್ಲಿ ಕಲಿಸುವವರಿಲ್ಲ. ನಾಚಿಕೆ ಮೂಡಿ ದನಿ ಒಡೆಯುವ ವಯಸ್ಸಿಗೆ ಬೋಧಕರು ಬರುತ್ತಾರೆ, ಬಂದರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದಿತು. 2020ರ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. ಕಾಗದದ ಮೇಲೆ ಗೋಡೆ ಬಿದ್ದಿದೆ. ವೇಳಾಪಟ್ಟಿಯಲ್ಲಿ ಅದು ನಿಂತೇ ಇದೆ.

ಇರುವ ಅವಕಾಶಗಳಲ್ಲಿ ದೊಡ್ಡದೆಂದರೆ ‘ಪ್ರತಿಭಾ ಕಾರಂಜಿ’. 2001-02ರಲ್ಲಿ ಶಿಕ್ಷಣ ಇಲಾಖೆ ಆರಂಭಿಸಿದ ಈ ಕಾರ್ಯಕ್ರಮದಿಂದಾಗಿ ಕುಗ್ರಾಮದ ಮಗುವೂ ತನ್ನ ಶಾಲೆಯಿಂದ ಕ್ಲಸ್ಟರ್ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ ಹೋಗುವ ದಾರಿ ತೆರೆಯಿತು. ಕಂಠಪಾಠ, ಕತೆ ಹೇಳುವುದು, ಲಘು ಸಂಗೀತ, ಅಭಿನಯ ಗೀತೆ, ಛದ್ಮವೇಷ, ಜಾನಪದ ನೃತ್ಯ, ಕವ್ವಾಲಿ ಮುಂತಾದ ಸ್ಪರ್ಧೆಗಳು ಅದರಲ್ಲಿವೆ. ಕನ್ನಡ, ಉರ್ದು, ತೆಲುಗು ಒಂದೇ ಬೀದಿಯಲ್ಲಿ ಕೇಳಿಬರುವ ರಾಯಚೂರಿನಂತಹ ನಗರಕ್ಕೆ ಇದು ಬಹಳ ಒಪ್ಪುತ್ತದೆ. ಆದರೆ ತೀರ್ಪುಗಾರನಾಗಿ ಕುಳಿತ ಅನುಭವದಿಂದ ಎರಡು ಮಾತು ಹೇಳಲೇಬೇಕು. ಸ್ಪರ್ಧೆಯೆಂಬುದು ಮೂವರಿಗೆ ಬಹುಮಾನ ಕೊಟ್ಟು ಮೂವತ್ತು ಮಂದಿಯನ್ನು ಮನೆಗೆ ಕಳುಹಿಸುತ್ತದೆ. ಎಷ್ಟೋ ಶಾಲೆಗಳು ಸ್ಪರ್ಧೆಗೆ ಹತ್ತು ದಿನಗಳಿರುವಾಗ, ಮೊದಲೇ ಹಾಡಬಲ್ಲ ಮಕ್ಕಳನ್ನು ಆರಿಸಿ ತರಬೇತಿ ಕೊಡುತ್ತವೆ. ಹಾಡಬಾರದ ಮಗುವಿಗೆ ಹಾಡು ಕಲಿಸುವ ಪ್ರಸಂಗವೇ ಬರುವುದಿಲ್ಲ. ಛದ್ಮವೇಷದಲ್ಲಂತೂ ಅನೇಕ ಸಲ ಗೆಲ್ಲುವುದು ಮಗುವಲ್ಲ, ಬಾಡಿಗೆ ಅಂಗಡಿ. ಒಮ್ಮೆ ಗೋಣಿಚೀಲ ಹೊದ್ದು ಕುರಿಗಾಹಿಯಾಗಿ ಬಂದ ಮಗುವಿಗೆ ಮೊದಲ ಸ್ಥಾನ ಕೊಟ್ಟು ಪೋಷಕರಿಬ್ಬರ ಸಿಟ್ಟಿಗೆ ಗುರಿಯಾದೆ. ಮತ್ತೊಮ್ಮೆ ಕರೆದರೆ ಮತ್ತೆ ಹಾಗೆಯೇ ಮಾಡುವೆನು.

ತಂದೆತಾಯಿಯರು ಅರಿತಿರಬೇಕಾದ ಬೇರೆ ಬಾಗಿಲುಗಳೂ ಇವೆ. ಬಾಲಭವನದವರು 9ರಿಂದ 16 ವರ್ಷದ ಮಕ್ಕಳಿಗೆ ‘ಕಲಾಶ್ರೀ’ ಶಿಬಿರಗಳನ್ನು ನಡೆಸುತ್ತ ಬಂದಿದ್ದಾರೆ. ಅಲ್ಲಿ ಪ್ರದರ್ಶನ ಕಲೆಗೆ ಪ್ರತ್ಯೇಕ ವಿಭಾಗವಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ‘ಚಿಗುರು’ ಮಕ್ಕಳ ವೇದಿಕೆಯೇ. ದೆಹಲಿಯಲ್ಲಿರುವ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಆರಿಸಿ ಸಂಗೀತ, ನೃತ್ಯ, ನಾಟಕ ಕಲಿಯಲು ವಿದ್ಯಾರ್ಥಿವೇತನ ಕೊಡುವ ಯೋಜನೆಯನ್ನು 1982ರಿಂದ ನಡೆಸಿಕೊಂಡು ಬಂದಿದೆ. ಪರಂಪರೆಯಿಂದ ಕಲೆಯನ್ನೇ ನಂಬಿ ಬಂದ ಮನೆತನಗಳ ಮಕ್ಕಳಿಗೆ ಅದರಲ್ಲಿ ಬೇರೆಯೇ ಪಾಲಿದೆ. ಬುಡ್ಗಜಂಗಮರ, ಕಿಳ್ಳೇಕ್ಯಾತರ, ಹಲಗೆಯವರ ಮಕ್ಕಳಿಗೆಂದೇ ಮಾಡಿದಂತಿರುವ ಈ ಸೌಲಭ್ಯದ ಹೆಸರನ್ನು ಕೇಳಿದವರು ನಮ್ಮ ಹಳ್ಳಿಗಳಲ್ಲಿ ನನಗಿನ್ನೂ ಸಿಕ್ಕಿಲ್ಲ. ಅರ್ಜಿ ತುಂಬಿಕೊಡಲು ಶಿಕ್ಷಕರಿಗೆ ಸಮಯವಿಲ್ಲದಿದ್ದರೆ ಧರ್ಮಕೇಂದ್ರದ ಯುವಕರಿಗಾದರೂ ಇರಬಾರದೇ? ಬೇಸಿಗೆ ಶಿಬಿರಕ್ಕೆ ಮೈಸೂರಿನ ರಂಗಾಯಣವೇ ಆಗಬೇಕೆಂದಿಲ್ಲ, ಕಲಬುರಗಿಯಲ್ಲಿಯೂ ರಂಗಾಯಣವಿದೆ.

ರಂಗಾಯಣವೆಂದೊಡನೆ ಅದನ್ನು 1989ರಲ್ಲಿ ಕಟ್ಟಿದ ಬಿ.ವಿ. ಕಾರಂತರು ನೆನಪಾಗುತ್ತಾರೆ. ಬಾಲ್ಯದಲ್ಲಿ ಮನೆಬಿಟ್ಟು ಓಡಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ ಹುಡುಗ ಅವರು. ಮುಂದೆ ಮಕ್ಕಳಿಗಾಗಿ ಅವರು ಆಡಿಸಿದ ‘ಪಂಜರ ಶಾಲೆ’ಗೆ ರವೀಂದ್ರನಾಥ ಟಾಗೋರರ ಗಿಳಿಯ ಕತೆ ಆಧಾರ. ಹಾಡಿಕೊಂಡು ಹಾರುತ್ತಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ಅರಸನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ. ಎಲ್ಲರಿಗೂ ಸಂಬಳ ಏರುತ್ತದೆ. ಗಿಳಿಯ ಗತಿ ಏನಾಯಿತೆಂದು ನಿಮ್ಮ ಮಕ್ಕಳಿಗೆ ನೀವೇ ಹೇಳಿರಿ.

ಈ ನೆಲಕ್ಕೆ ಹಾಡು ಹೊರಗಿನಿಂದ ಬಂದುದಲ್ಲ. ಹರಿದಾಸ ಪರಂಪರೆಯ ಮೂವರು ಹಿರಿಯರು ಮಾನ್ವಿ, ದೇವದುರ್ಗಗಳ ಮಣ್ಣಿನವರು: ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಜನಿಸಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು. ಜಗನ್ನಾಥದಾಸರ ಬಗ್ಗೆ ಪ್ರಸಿದ್ಧ ಐತಿಹ್ಯವೊಂದಿದೆ. ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರು. ಕಾಲಿಗೆ ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡುತ್ತ ಬರುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರ ಆಹ್ವಾನವನ್ನೂ ಕಡೆಗಣಿಸಿದರು. ಬಳಿಕ ತೀವ್ರವಾದ ಉದರವ್ಯಾಧಿಗೆ ತುತ್ತಾಗಿ, ಗೋಪಾಲದಾಸರ ಕೃಪೆಯಿಂದ ಚೇತರಿಸಿಕೊಂಡು, ತಾವೇ ತಂಬೂರಿ ಹಿಡಿದರಂತೆ. ಐತಿಹ್ಯದ ಪವಾಡವನ್ನು ಬೇರೆ ಧರ್ಮದವನಾದ ನಾನು ವಿಮರ್ಶಿಸಲಾರೆ. ಆದರೆ ಓದು ಮೇಲು, ಹಾಡು ಕೀಳು ಎಂಬ ವಿದ್ವಾಂಸನ ಅಹಂಕಾರ ಇದೇ ಊರಿನಲ್ಲಿ ಸೋತಿತೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಇಂದಿಗೂ ಸಂಗೀತ ಕಲಿಯುವ ಮಗುವಿನ ಮೊದಲ ಪಾಠಗಳಾದ ಸರಳೆ ವರಸೆಗಳನ್ನು ಕ್ರಮಗೊಳಿಸಿದವರು ಪುರಂದರದಾಸರೆಂದು ಸಂಗೀತಗಾರರು ಕೃತಜ್ಞತೆಯಿಂದ ನೆನೆಯುತ್ತಾರೆ. ಅಷ್ಟು ದೊಡ್ಡವರು ಅಷ್ಟು ಚಿಕ್ಕವರಿಗಾಗಿ ಕುಳಿತು ಪಾಠ ಕಟ್ಟಿದರು.

ರಾಯಚೂರು ನಗರದ ರಂಗಮಂದಿರಕ್ಕೆ ಇದೇ ಜಿಲ್ಲೆಯವರಾದ, ವಚನ ಗಾಯನಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿಡಲಾಗಿದೆ. ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಹೆಜ್ಜೆ ಹಾಕುವುದನ್ನು ಎಲ್ಲರೂ ಬಲ್ಲರು. ಗದಗಿನ ವೀರೇಶ್ವರ ಪುಣ್ಯಾಶ್ರಮ ನಮ್ಮ ಜಿಲ್ಲೆಯದಲ್ಲವಾದರೂ ಅಲ್ಲಿ ಕಲಿತ ಸಂಗೀತ ಶಿಕ್ಷಕರು ಉತ್ತರ ಕರ್ನಾಟಕದಲ್ಲೆಲ್ಲ ಇದ್ದಾರೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸ್ವರ ಕಲಿಸಿದರು. ಆಶ್ರಮದ ಖರ್ಚಿಗೆ ನಾಟಕ ಕಂಪನಿಯನ್ನೇ ಕಟ್ಟಿದರು. ಹಾಡಿದರೆ ಹೊಟ್ಟೆ ತುಂಬುವುದೇ ಎಂದು ಕೇಳುವವರು ಒಮ್ಮೆ ಗದಗಿಗೆ ಹೋಗಿಬರಬೇಕು.

ಇನ್ನು ನಮ್ಮ ಮನೆಯ ಮಾತು. ಧರ್ಮಸಭೆಗೆ ರಂಗಭೂಮಿ ಅನ್ಯವಾದುದಲ್ಲ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಗೋದಲಿಯನ್ನು ಕಣ್ಣೆದುರು ನಿಲ್ಲಿಸಿದರು. ಓದುಬಾರದ ರೈತರಿಗೆ ಸುವಾರ್ತೆ ಕಣ್ಣಿಗೆ ಕಂಡಿತು. ಯೇಸುಸಭೆಯ 1599ರ ಶಿಕ್ಷಣ ಸಂಹಿತೆಯು ಶಾಲಾ ನಾಟಕಗಳಿಗೆ ಎಡೆಕೊಟ್ಟಿತು, ಅಪರೂಪಕ್ಕೊಮ್ಮೆ ಮತ್ತು ಲತೀನ್ ಭಾಷೆಯಲ್ಲಿ ಮಾತ್ರ ಎಂಬ ಷರತ್ತಿನೊಡನೆ. (ಇಂಗ್ಲಿಷಿನಲ್ಲಿ ಮಾತ್ರ ಎನ್ನುವ ನಮ್ಮ ಕೆಲವು ಶಾಲೆಗಳು ಈ ಷರತ್ತನ್ನು ಬೇರೆ ರೂಪದಲ್ಲಿ ಉಳಿಸಿಕೊಂಡಿವೆಯೇನೋ.) ನಮ್ಮ ದೇಶದಲ್ಲಿಯೇ, ಗೋವೆಯ ಫಾದರ್ ಥಾಮಸ್ ಸ್ಟೀಫನ್ಸರು 1616ರಲ್ಲಿ ಅಚ್ಚಾದ ತಮ್ಮ ‘ಕ್ರಿಸ್ತಪುರಾಣ’ವನ್ನು ಮರಾಠಿಯ ಓವಿ ಛಂದಸ್ಸಿನಲ್ಲಿ, ಜನರು ಹಾಡಿಕೊಳ್ಳುವಂತೆ ಬರೆದರು. ಮಿಷನ್ ನಾಡುಗಳ ಜನರಿಗೆ ಅವರದೇ ಆದ ಸಂಗೀತ ಪರಂಪರೆಗಳಿವೆ, ಅವನ್ನು ಗೌರವಿಸಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿದೆ.

ಆದರೆ ಪ್ರಾಥಮಿಕ ಶಾಲೆಯ ಮಟ್ಟಿಗೆ ನನಗೆ ಹೆಚ್ಚು ಹತ್ತಿರವಾದವರು ಸಂತ ಜಾನ್ ಬೋಸ್ಕೊ. 1815ರಲ್ಲಿ ಬಡ ರೈತರ ಮನೆಯಲ್ಲಿ ಹುಟ್ಟಿದ ಇವರು ಹುಡುಗನಾಗಿದ್ದಾಗಲೇ ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಊರ ಮಕ್ಕಳನ್ನು ಸೇರಿಸುತ್ತಿದ್ದರು. ನಡುವೆ ಪ್ರಾರ್ಥನೆ, ಚರ್ಚಿನಲ್ಲಿ ಕೇಳಿದ ಉಪದೇಶದ ಪುನರುಕ್ತಿ. ಮುಂದೆ ಟ್ಯೂರಿನ್ ನಗರದಲ್ಲಿ ಬೀದಿಯ ಹುಡುಗರನ್ನು ಕೂಡಿಸಿಕೊಂಡಾಗ ಬ್ಯಾಂಡೂ ಬಂತು, ಪುಟ್ಟ ರಂಗವೂ ಬಂತು. ಆ ಪುಟ್ಟ ರಂಗಕ್ಕಾಗಿ ಅವರು 1858ರಲ್ಲಿ ನಿಯಮಗಳನ್ನೇ ಬರೆದರು. ನಾಟಕ ಚಿಕ್ಕದಾಗಿರಲಿ, ಸರಳವಾಗಿರಲಿ, ಮಕ್ಕಳಿಗೆ ಖುಷಿ ಕೊಡಲಿ ಎಂಬುದು ಅವುಗಳ ಸಾರ. ಇಂದು ದೇವದುರ್ಗದಲ್ಲಿ ಅವರ ಸಲೇಸಿಯನ್ ಸಭೆಯವರೂ ಮಾನ್ವಿಯಲ್ಲಿ ಯೇಸುಸಭೆಯವರೂ ಬಡ ಮಕ್ಕಳ ನಡುವೆ ಶ್ರಮಿಸುತ್ತಿದ್ದಾರೆ. ಅವರಿಗೆ ನಾನು ಹೇಳಿಕೊಡಬೇಕಾದುದೇನೂ ಇಲ್ಲ. ನನ್ನ ಮಾತು ನನ್ನಂತಹ ಧರ್ಮಕೇಂದ್ರದ ಗುರುಗಳಿಗೆ, ಶಾಲಾ ಸಮಿತಿಗಳಲ್ಲಿರುವ ನಿಮಗೆ, ಮತ್ತು ಉಡುಪಿನ ಬಾಡಿಗೆಯನ್ನು ಸಂತೋಷದಿಂದಲೇ ತೆರುವ ತಂದೆತಾಯಿಯರಿಗೆ. ನಿಮ್ಮ ಮಗು ಕೊಟ್ಟ ಹಣದಿಂದಲೇ ಬೇರೊಂದು ಮಗು ಪರದೆಯ ಹಗ್ಗಕ್ಕೆ ಹೋಗುತ್ತದೆಂಬುದನ್ನು ಯೋಚಿಸಿದ್ದೀರಾ?

ನಾನು ಹುಟ್ಟಿ ಬೆಳೆದುದು ಕರಾವಳಿಯಲ್ಲಿ. ಅಲ್ಲಿ ಯಕ್ಷಗಾನ ಕ್ರೈಸ್ತ ಹುಡುಗನಾದ ನನ್ನ ಕಿವಿಗೂ ಬಿದ್ದಿತ್ತು. ಸಾಲಿಗ್ರಾಮದಲ್ಲಿ 1975ರಲ್ಲಿ ಮಕ್ಕಳಿಗೆಂದೇ ಒಂದು ಮೇಳ ಆರಂಭವಾಗಿ ಪುಟ್ಟ ಮಕ್ಕಳು ಗೆಜ್ಜೆ ಕಟ್ಟಿ ದೇಶವಿದೇಶ ಸುತ್ತಿದರು. ಅಲ್ಲಿ ಮಗ ವೇಷ ಹಾಕಿದರೆ ಮನೆಯವರಿಗೆ ಹೆಮ್ಮೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಆ ಭಾನುವಾರ ನಾನು ಹಲಗೆಯ ಮಾತೆತ್ತಿದ್ದೆ. ಎರಡು ನಾಡುಗಳ ನಡುವಿನ ಭೇದ ನನಗೆ ಹೊಳೆದಿರಲಿಲ್ಲ. ಇಲ್ಲಿ ಹಲಗೆ ಬಾರಿಸುವುದು ಕಲೆಯಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಸೂಕ್ಷ್ಮ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1982ರಲ್ಲಿಯೇ ಬಂದರೂ ಅದರ ನೆನಪು ಈ ಸೀಮೆಯ ತಾಯಂದಿರ ಎದೆಯಿಂದ ಅಳಿದಿಲ್ಲ. ಮಗಳು ಕುಣಿಯುವುದು ಬೇಡವೆನ್ನುವ ತಾಯಿಯನ್ನು ಹಳೆಯ ಕಾಲದವಳೆಂದು ನಗುವವರಿದ್ದಾರೆ. ಆಕೆ ಏನನ್ನು ಬಲ್ಲಳೋ ಅದು ನಗುವವರಿಗೆ ತಿಳಿಯದು.

ಹಾಗಾದರೆ ಆ ತಂದೆಗೆ ಏನು ಹೇಳಬೇಕಿತ್ತು? ಬಹಳ ದಿನ ಯೋಚಿಸಿದೆ. ಹಲಗೆಯೆಂದರೆ ಮರದ ಬಳೆ ಮತ್ತು ಚರ್ಮ. ಬೆಂಕಿಯ ಶಾಖಕ್ಕೆ ಹಿಡಿದಾಗ ಚರ್ಮ ಬಿಗಿಯುತ್ತದೆ; ದಪ್ಪ ಕೋಲೊಂದು, ಸಣ್ಣ ಕಡ್ಡಿಯೊಂದು ಅದರಿಂದ ನಾದ ಹೊರಡಿಸುತ್ತವೆ. ಇದರಲ್ಲಿ ಮೇಲು ಕೀಳಿಲ್ಲ. ಅಪಮಾನವಿದ್ದುದು ವಾದ್ಯದಲ್ಲಿ ಅಲ್ಲ, ಇಂತಹವರೇ ಬಾರಿಸಬೇಕು, ಇಂತಹವರು ಮುಟ್ಟಬಾರದು ಎಂಬ ಕಟ್ಟಳೆಯಲ್ಲಿ. ಹಲಗೆಯವರ ಮಗನ ಕೈಗೆ ಮಾತ್ರ ಹಲಗೆ ಕೊಟ್ಟು ರಂಗಕ್ಕೆ ಹತ್ತಿಸಿದರೆ ನಾವು ಆ ಕಟ್ಟಳೆಯನ್ನೇ ಬಣ್ಣದ ದೀಪಗಳ ಕೆಳಗೆ ಮತ್ತೊಮ್ಮೆ ಆಡಿದಂತೆ. ತಂದೆಯ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ಸಾಹ ಕುರುಡಾಗಿತ್ತು. ತರಗತಿಯ ಎಲ್ಲ ಮಕ್ಕಳೂ, ಸಾಹುಕಾರರ ಮಗನೂ ಶಿಕ್ಷಕರ ಮಗಳೂ, ಸರದಿಯಂತೆ ಅದನ್ನು ಕೊರಳಿಗೆ ಹಾಕಿಕೊಳ್ಳಬೇಕು. ಕಲಿಸುವವನು ಗುರುವಾಗಿ ಬರಬೇಕು. ಅವನಿಗೆ ಕುರ್ಚಿ ಹಾಕಬೇಕು, ಸಂಬಳ ಕೊಡಬೇಕು, ಮಕ್ಕಳು ಎದ್ದುನಿಂತು ನಮಸ್ಕರಿಸಬೇಕು.

ಇಷ್ಟನ್ನು ಹೇಳಲು ನಾನು ಎರಡನೆಯ ಸಲ ಆ ಊರಿಗೆ ಹೋದೆ. ಒಂದು ಶಾಲೆಯ ಮುಖ್ಯಶಿಕ್ಷಕಿಯೂ ಜೊತೆಗಿದ್ದರು. ತಂದೆ ಒಪ್ಪಲಿಲ್ಲ. ಆದರೆ ಅಜ್ಜ ಒಳಗಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಆ ಗೌಡ್ರ ಮೊಮ್ಮಗನೂ ಕಲೀತಾನೇನ್ರಿ?” ಎಂದು ಕೇಳಿದರು. ಹೌದೆಂದಾಗ ನಕ್ಕರು. ಶನಿವಾರ ಬರುವೆನೆಂದರು.

ಮೂರು ತಿಂಗಳು ಪ್ರತಿ ಶನಿವಾರ ಮಧ್ಯಾಹ್ನ ಆ ಅಜ್ಜ ಶಾಲೆಗೆ ಬಂದರು. ಗೌರವಧನ ಅಲ್ಪವಾಗಿತ್ತು, ಧರ್ಮಕೇಂದ್ರದ ಕೆಲವು ಕುಟುಂಬಗಳು ಕ್ರಿಸ್ಮಸ್ ಖರ್ಚಿನಲ್ಲಿ ಉಳಿಸಿಕೊಟ್ಟ ಹಣ. ಅಂಗಳದಲ್ಲಿ ಒಣಕಡ್ಡಿಗಳನ್ನು ಉರಿಸಿ ಹಲಗೆ ಕಾಯಿಸುವುದನ್ನು ಮಕ್ಕಳು ಮೊದಲು ಕಲಿತರು, ಬಳಿಕ ಹೆಜ್ಜೆ, ಬಳಿಕ ಪೆಟ್ಟು. ಹೊಗೆಯ ಬಗ್ಗೆ ಒಬ್ಬ ಪೋಷಕರು ದೂರು ಕೊಟ್ಟರು. ಇಬ್ಬರು ಮಕ್ಕಳನ್ನು ಮನೆಯವರು ಬಿಡಿಸಿದರು. ಒಬ್ಬಳು ಮರಳಿ ಬಂದಳು, ಇನ್ನೊಬ್ಬ ಬರಲಿಲ್ಲ. ಆ ವರ್ಷದ ವಾರ್ಷಿಕೋತ್ಸವದಲ್ಲಿ ಬಾಡಿಗೆಯ ಉಡುಪಿರಲಿಲ್ಲ; ಮಕ್ಕಳು ಶಾಲೆಯ ಸಮವಸ್ತ್ರಕ್ಕೆ ಒಂದು ಕೆಂಪು ವಸ್ತ್ರ ಸುತ್ತಿಕೊಂಡು ಬಂದರು. ಮೊದಲ ವರ್ಷ ಪರದೆ ಎಳೆದಿದ್ದ ಹುಡುಗ ಅಷ್ಟರಲ್ಲಿ ಆರನೆಯ ತರಗತಿಗೆಂದು ಬೇರೆ ಊರಿನ ವಸತಿ ಶಾಲೆಗೆ ಸೇರಿಬಿಟ್ಟಿದ್ದ. ಅವನು ಆ ಸಂಜೆ ಇರಲಿಲ್ಲ. ಈಗ ಹಾಡುತ್ತಾನೋ ಇಲ್ಲವೋ ತಿಳಿಯದು. ಅವನ ತಂದೆ ಬಂದು ಹಿಂದಿನ ಸಾಲಿನಲ್ಲಿ ನಿಂತು ನೋಡಿ, ನನಗೆ ಸಿಗದೆ ಹೊರಟುಹೋದರು.

ಅಜ್ಜ ಈಗಿಲ್ಲ. ಅವರಿಂದ ಕಲಿತ ಶಿಕ್ಷಕಿಯೊಬ್ಬರು ಶನಿವಾರದ ಪಾಠವನ್ನು ನಡೆಸುತ್ತಿದ್ದಾರೆ. ಕಳೆದ ಸಲ ಆ ಶಾಲೆಗೆ ಹೋದಾಗ ದಾಸ್ತಾನು ಪುಸ್ತಕಕ್ಕೆ ಸಹಿ ಹಾಕುವ ಪ್ರಸಂಗ ಬಂದಿತು. ಭೂಪಟ, ಗ್ಲೋಬು, ಲೇಜಿಮ್, ಸ್ಕಿಪ್ಪಿಂಗ್ ಹಗ್ಗಗಳ ಸಾಲಿನಲ್ಲಿ ನೀಲಿ ಶಾಯಿಯ ದುಂಡು ಅಕ್ಷರಗಳಲ್ಲಿ ಬರೆದಿತ್ತು: ಹಲಗೆ 4, ಕೋಲು 12 ಜೊತೆ, ಸ್ಥಿತಿ ಉತ್ತಮ.